ನಾಲ್ಕು ಗಂಟೆಯ ದಾರಿ

ಮೇಷ್ಟ್ರು ಘಟ್ಟದ ಮೇಲಿಂದ ವರ್ಗವಾಗಿ ಬಂದು ಇನ್ನೂ ಎರಡು ವಾರ. ಈ ಊರಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ, ಮಕ್ಕಳಿಗೆ ಲೆಕ್ಕ ಬೇಗ ತಲೆಗೆ ಹತ್ತಲಿ ಎಂದು ಬೋರ್ಡಿನ ಮೇಲೆ ಬರೆದರು: 'ದಮ್ಮಾಮ್‌ನಿಂದ ಮಂಗಳೂರಿಗೆ ಮೂರು ಸಾವಿರ ಕಿಲೋಮೀಟರ್. ವಿಮಾನದ ವೇಗ ಗಂಟೆಗೆ ಏಳುನೂರೈವತ್ತು. ಪ್ರಯಾಣ ಎಷ್ಟು ಹೊತ್ತಿನದು?'

ಮೊದಲ ಬೆಂಚಿನ ಲವೀನಾ 'ನಾಲ್ಕು ಗಂಟೆ' ಎಂದು ಬರೆದು, ಅದನ್ನು ಹೊಡೆದುಹಾಕಿ, ಕೆಳಗೆ 'ಹತ್ತೊಂಬತ್ತು ದಿನ' ಎಂದು ಬರೆದಿದ್ದಳು.

ಮೇಷ್ಟ್ರು ಆ ಪುಸ್ತಕವನ್ನು ಎತ್ತಿ ಹಿಡಿದು ಇಡೀ ತರಗತಿಗೆ ಓದಿ ಹೇಳಿದರು. "ಏನಮ್ಮ, ವಿಮಾನಕ್ಕೆ ಎತ್ತು ಕಟ್ಟಿದ್ರಾ?"

ತಮ್ಮ ಮಾತಿಗೆ ತಾವೇ ಜೋರಾಗಿ ನಕ್ಕರು. ಬೇರೆ ಯಾರೂ ನಗಲಿಲ್ಲ. ಕೊನೆಯ ಬೆಂಚಿನ ತುಂಟರು ಕೂಡ ತಲೆ ತಗ್ಗಿಸಿ ಕೂತಿದ್ದರು. ಯಾಕೆಂದು ತಿಳಿಯದಿದ್ದರೂ ಮೇಷ್ಟ್ರ ಕಿವಿ ಬಿಸಿಯಾಯಿತು. ಪುಸ್ತಕವನ್ನು ಮೆಲ್ಲಗೆ ಕೆಳಗಿಳಿಸಿದರು.

"ಹತ್ತೊಂಬತ್ತು ದಿನ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿದ್ದಲ್ಲ ಸರ್, ನಾನೇ ಎಣಿಸಿದ್ದು. ಪಪ್ಪ ಬರ್ಲಿಕ್ಕೆ ಅಷ್ಟು ದಿನ ಆಯ್ತು," ಎಂದಳು ಲವೀನಾ. "ಬಂದ ಮೇಲೂ ಪೆಟ್ಟಿಗೆಯ ಮುಚ್ಚಳ ತೆಗ್ದು ಮುಖ ನೋಡ್ಲಿಕ್ಕೆ ಬಿಡ್ಲಿಲ್ಲ."