ಮೂರನೆಯ ಫೋನು

ಪೆಟ್ಟಿಗೆಯ ಹಸಿರು ದೀಪ ಹೊತ್ತಿಕೊಂಡಿತು. ಇಂಟರ್‌ನೆಟ್ ಜೋಡಿಸಲು ಬಂದಿದ್ದವನು ಏಣಿಯಿಂದಿಳಿದು, ಮನೆಯ ಯಜಮಾನನ ಫೋನಿನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದ. "ನಿಮ್ಮ ವೈಫೈಗೆ ಯಾರ್ಯಾರು ಸೇರಿದ್ದಾರೆ ಅಂತ ಇಲ್ಲೇ ಕಾಣುತ್ತೆ ಸಾರ್. ಬೇಡದವರನ್ನ ಇಲ್ಲಿ ಒತ್ತಿ ತಡೀಬಹುದು."

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಯಜಮಾನನಿಗೆ ಇದು ಬಹಳ ಹಿಡಿಸಿತು. ಪಾಸ್‌ವರ್ಡನ್ನು ಹೆಂಡತಿಗೆ ಮಾತ್ರ ಹೇಳಿದ, ಅದೂ ಕಿವಿಯಲ್ಲಿ. ಮನೆಯಲ್ಲಿದ್ದದ್ದು ಎರಡೇ ಫೋನು. ಅವನ ಅಮ್ಮ ಫೋನನ್ನು ಮುಟ್ಟಿದವಳೇ ಅಲ್ಲ.

ನಾಲ್ಕನೆಯ ದಿನ ಪಟ್ಟಿಯಲ್ಲಿ ಮೂರು ಫೋನುಗಳಿದ್ದವು.

"ಪಕ್ಕದ ಮನೆಯವಳಿಗೆ ಹೇಳಿದ್ಯಾ?"

"ನಾನ್ಯಾಕೆ ಹೇಳಲಿ?" ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ.

ಅವನು ಪಾಸ್‌ವರ್ಡ್ ಬದಲಾಯಿಸಿದ. ಮರುದಿನ ಮತ್ತೆ ಮೂರು. ಮೆಟ್ಟಿಲ ಮೇಲೆ ಫೋನು ಹಿಡಿದು ನಿಂತವರನ್ನೆಲ್ಲ ಟಿಕೆಟ್ಟಿಲ್ಲದ ಪ್ರಯಾಣಿಕರ ಹಾಗೆ ಮೇಲಿಂದ ಕೆಳಗೆ ನೋಡಿದ. ಇನ್ನೊಮ್ಮೆ ಬದಲಾಯಿಸಿದರೂ ಅದೇ ಕಥೆ. ಹೊಸ ಪಾಸ್‌ವರ್ಡ್ ಹೆಂಡತಿಯೊಬ್ಬಳಿಗೇ ಗೊತ್ತಿತ್ತು. ಪಕ್ಕದ ಮನೆಯ ಮೇಲಿದ್ದ ಅನುಮಾನ ಗೋಡೆ ದಾಟಿ ಒಳಗೆ ಬಂತು.

ಒಂದು ದಿನ ಅರ್ಧ ರಜೆ ಹಾಕಿ, ಮಧ್ಯಾಹ್ನವೇ ಸದ್ದಿಲ್ಲದೆ ಮನೆಗೆ ಬಂದ. ಅಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಹೆಂಡತಿಯ ಮುಂದೆ ನಿಂತು ದನಿ ತಗ್ಗಿಸಿ ಕೇಳಿದ: "ಇನ್ನೊಂದು ಫೋನ್ ಇಟ್ಕೊಂಡಿದ್ದೀಯಾ?"

ಅವಳ ಮುಖ ಕೆಂಪಾಯಿತು. ಯಂತ್ರದ ಡ್ರಾಯರನ್ನು ಎಳೆದು ಮೇಜಿನ ಮೇಲೆ ಸುರಿದಳು. ದಾರದುಂಡೆ, ಗುಂಡಿ, ಸೀಮೆಸುಣ್ಣದ ಚೂರು. "ಹುಡುಕಿ. ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೀನಿ. ಇನ್ನೂ ಯಾವ ಟಿಕೆಟ್ ತೋರಿಸ್ಬೇಕು ನಾನು?"

ಅವನಿಗೆ ಹುಡುಕಲು ಮನಸ್ಸಾಗಲಿಲ್ಲ, ಬಿಡಲೂ ಆಗಲಿಲ್ಲ. ಪಟ್ಟಿ ತೆರೆದ. ಮೂರನೆಯ ಫೋನು ಅಲ್ಲೇ ಇತ್ತು. ಒತ್ತಿ ತಡೆದ.

ನಿಮಿಷ ಕಳೆಯುವಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ಮೂಲೆ ಒಡೆದ ಫೋನೊಂದನ್ನು ದೂರ ಹಿಡಿದುಕೊಂಡು ಅಮ್ಮ ಬಂದಳು. ಕೆಟ್ಟುಹೋಯಿತೆಂದು ಹೆಂಡತಿ ಹೇಳಿದ್ದ ಹಳೆಯ ಫೋನು. "ಇದ್ಯಾಕೆ ನಿಂತೋಯ್ತು ನೋಡೇ" ಎಂದವಳು ಮಗನನ್ನು ಕಂಡು ಅಲ್ಲೇ ನಿಂತಳು.

ಪರದೆಯ ಮೇಲೆ ಹೆಂಗಸೊಬ್ಬಳ ಮುಖ ಅಲ್ಲಾಡದೆ ನಿಂತಿತ್ತು. ಬಾಯಿ ಅರ್ಧ ತೆರೆದಿತ್ತು, ಕಿವಿಯ ಬಳಿ ಕೂದಲು ನರೆತಿತ್ತು.

"ಯಾರಿದು?" ಎಂದ.

ಎಡಹುಬ್ಬಿನ ಮೇಲಿನ ಗಾಯದ ಕಲೆ ಕಂಡ ಮೇಲೆ ಅವನಿಗೇ ಗೊತ್ತಾಯಿತು. ತಂಗಿ ತನಗೆ ಬೇಕಾದವನನ್ನು ಮದುವೆಯಾದಳೆಂದು, ಅವಳ ಹೆಸರು ಈ ಮನೆಯಲ್ಲಿ ಎತ್ತಕೂಡದೆಂದು ಅವನು ಹೇಳಿ ಒಂಬತ್ತು ವರ್ಷವಾಗಿತ್ತು. ಒಡಹುಟ್ಟಿದವಳ ಗುರುತೇ ಮೊದಲ ನೋಟಕ್ಕೆ ಸಿಕ್ಕಿರಲಿಲ್ಲ.

"ಫೋನ್ ಕೊಟ್ಟಿದ್ದು ನಾನೇ," ಹೆಂಡತಿ ಗುಂಡಿಗಳನ್ನು ಡ್ರಾಯರಿಗೆ ತುಂಬುತ್ತ ಅಂದಳು. "ಪಾಸ್‌ವರ್ಡ್ ಹಾಕಿಕೊಟ್ಟಿದ್ದೂ ನಾನೇ."

ಅಮ್ಮ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಮಾತು ಅರ್ಧಕ್ಕೆ ನಿಂತಿದೆ ಕಣೋ. ತಡೀಬೇಡ, ಬಿಡು."

ಅವನು ತನ್ನ ಫೋನಿನ ಪಟ್ಟಿಯಲ್ಲಿ, ತಡೆದಿದ್ದ ಮೂರನೆಯ ಫೋನನ್ನು ಬಿಡಲು ಹೆಬ್ಬೆರಳು ಒತ್ತಿದ. ಪರದೆಯ ಮೇಲಿನ ಮುಖ ಅಲುಗಾಡಿತು.

"ಅಮ್ಮಾ, ಕೇಳಿಸ್ತಿದ್ಯಾ?" ತಂಗಿಯ ದನಿ ಒಮ್ಮೆಲೇ ಪಿಸುಮಾತಾಯಿತು. "ಅಣ್ಣ ಬಂದ್ನಾ? ಬಂದಿದ್ರೆ ಇಟ್ಬಿಡಮ್ಮ. ನನ್ನಿಂದಾಗಿ ನೀನು ಬೈಸ್ಕೋಬೇಡ."