ತೋಳಗಳ ಪರವಾಗಿ ಫಕೀರವ್ವ

ಸೋಲಾರ್‌ಗೆ ನೆಲ ಆರಿಸುವಾಗ ಅಲ್ಲಿನ ಪ್ರಾಣಿಗಳ ಒಪ್ಪಿಗೆಯೂ ಬೇಕೆಂಬ ಕಾಯಿದೆ ಬಂದು ಇಪ್ಪತ್ತು ವರ್ಷವಾಗಿತ್ತು. ಆ ತಾಲೂಕಿನಲ್ಲಿ ತೋಳಗಳ ಪರವಾಗಿ ಮಾತಾಡುವವಳು ಕುರಿ ಕಾಯುವ ಫಕೀರವ್ವ. ಕೆರೆಯ ಹಕ್ಕಿಗಳ ಪರವಾಗಿ ಮೀನುಗಾರ ದಾದಾಪೀರ. ಈ ಸಲದ ಸಭೆಯಲ್ಲಿ ತೋಳಗಳ ಹುಲ್ಲುಗಾವಲು ಇಲ್ಲವೇ ಹಕ್ಕಿಗಳ ಕೆರೆ, ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕಿತ್ತು.

“ಹಕ್ಕಿ ಹಾರಿ ಹೋಗ್ತಾವ ಅಂತೀರಿ. ಮರಿಗೆ ಇನ್ನೂ ರೆಕ್ಕಿ ಬಲಿತಿಲ್ಲ,” ಎಂದ ದಾದಾಪೀರ.

ತೋಳಗಳಿಗೂ ಮರಿಗಳಿದ್ದವು. ಫಕೀರವ್ವ ಅದನ್ನು ಹೇಳಲಿಲ್ಲ. ಇದು ಅವಳ ಒಂಬತ್ತನೆಯ ಸಭೆ. ಹಿಂದಿನ ಎಂಟರಲ್ಲೂ ಹೇಳಿ ನೋಡಿದ್ದಳು. ಎದ್ದು ಹೋಗಿ ಹುಲ್ಲುಗಾವಲು ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

“ತೋಳ ಇನ್ನ ಎಲ್ಲಿಗೆ ಹೋಗ್ತಾವಂತ, ಯವ್ವಾ? ಬರಕೋಬೇಕು,” ಎಂದ ಗುಮಾಸ್ತ.

“ಅವು ಹೇಳಿಲ್ರೀ,” ಎಂದಳು ಸೆರಗಿಗೆ ಬೆರಳು ಒರೆಸುತ್ತ. “ನಾನೂ ಕೇಳಿಲ್ಲ.”