ಮರವಿಲ್ಲದ ನೆರಳು

"ನಿಮ್ಮಣ್ಣ ಕಡೇ ಸಲ ವಿಮಾನ ಇಳಿಸೋಕೆ ಹೋದ ಜಾಗ ನಿನ್ನ ಕಂಪ್ಯೂಟರಿನಲ್ಲಿ ಇದೆಯಲ್ಲ, ತೋರಿಸು" ಎನ್ನುತ್ತ ಅತ್ತಿಗೆ ಮೈದುನನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತಳು. ಕೈಯಲ್ಲಿ ತನಿಖೆಯವರ ಕಾಗದವಿತ್ತು. ಪೈಲಟ್ ಇಳಿಯಬಾರದಷ್ಟು ಕೆಳಗಿಳಿದು ಮರಗಳಿಗೆ ಬಡಿದ, ತಪ್ಪು ಅವನದೇ ಎಂದು ಎರಡೇ ಸಾಲಿನಲ್ಲಿ ಮುಗಿಸಿದ್ದರು.

"ರಸ್ತೆ ದಾಟೋಕೂ ನಾಲ್ಕು ಸಲ ಆಚೆ ಈಚೆ ನೋಡ್ತಿದ್ದ ಮನುಷ್ಯ ಕಣೋ. ಎದುರಿಗಿರೋ ಮರ ನೋಡದೆ ನುಗ್ಗಿದ್ರು ಅಂದ್ರೆ ನಾನು ಹೇಗೆ ನಂಬಲಿ?"

ಎಂಟು ತಿಂಗಳಿಂದ ಮುಟ್ಟದೇ ಇದ್ದುದನ್ನು ಅವನು ತೆರೆದ. ವಿಮಾನ ಹಾರಿಸುವ ಆಟಕ್ಕೆ ನೆಲ, ಮರ, ಕಟ್ಟಡ ಮಾಡಿ ಸೇರಿಸುವುದು ಅವನಿಗೆ ಮೊದಲಿನಿಂದಲೂ ಹುಚ್ಚು. ಅಣ್ಣ ಆ ಪುಟ್ಟ ನಿಲ್ದಾಣಕ್ಕೆ ಮೊದಲ ಸಲ ಸರಕು ಒಯ್ಯಬೇಕಾಗಿ ಬಂದಾಗ, "ಆ ಜಾಗ ಮಾಡಿಕೊಡೋ, ಮನೇಲೇ ಇಳಿಸಿ ಇಳಿಸಿ ಕೈ ಪಳಗಿಸ್ಕೋತೀನಿ" ಎಂದಿದ್ದ. ತಮ್ಮ, ಆಕಾಶದಿಂದ ತೆಗೆದ ಫೋಟೋಗಳನ್ನು ಜೋಡಿಸಿ ನೆಲಕ್ಕೆ ಹಾಸಿದ್ದ. ರನ್‌ವೇಯ ಬಿರುಕು, ಶೆಡ್ಡಿನ ತುಕ್ಕು, ಒಣಹುಲ್ಲಿನ ತೇಪೆ, ಎಲ್ಲ ಇದ್ದದ್ದು ಇದ್ದ ಹಾಗೆ.

"ಒಂದು ಹುಲ್ಲುಕಡ್ಡಿ ಕೂಡ ತಪ್ಪಿಲ್ಲ, ನನ್ನ ತಮ್ಮ ಅಂದ್ರೆ ಏನಂದ್ಕೊಂಡಿದ್ದೀಯ ಅಂತ ಮೆರೀತಿದ್ರು" ಎಂದಳು ಅತ್ತಿಗೆ. ಆ ಹೊಗಳಿಕೆ ಕೇಳಿ ಅವನಿಗೆ ಎಲ್ಲಾದರೂ ಹೋಗಿ ಸಾಯೋಣ ಅನ್ನಿಸಿತು.

ಅವಳು ಬಗ್ಗಿ, ರನ್‌ವೇಯ ಈಚೆ ತುದಿಯ ಮೇಲೆ ಬೆರಳಿಟ್ಟಳು. "ಇದೇನು ಕಪ್ಪಗೆ, ಸಾಲಾಗಿ?"

"ನೆರಳು ಅತ್ತಿಗೆ. ಫೋಟೋದಲ್ಲೇ ಬಂದಿದ್ದು."

"ಯಾವುದರ ನೆರಳು?"

"ಮರದ್ದು."

"ಮರ ಎಲ್ಲಿ?"

"ತೆಗೆದುಬಿಟ್ಟೆ. ಮರ ಇದ್ರೆ ಚಿತ್ರ ತಡವರಿಸ್ತಿತ್ತು. ಇಳಿಯೋ ಹೊತ್ತಿಗೇ ನಿಂತು ನಿಂತು ಹೋಗುತ್ತೆ ಅಂತ ಅಣ್ಣ ಬೈತಿದ್ದ. ಅವನಿಗೆ ಹೇಳದೇ ಆ ಸಾಲು ತೆಗೆದೆ. ಅವನು ಹೊರಡೋದ್ರೊಳಗೆ ವಾಪಸ್ ಹಾಕೋಣ ಅಂತಿದ್ದೆ... ಮರೆತುಹೋಯ್ತು."

ಅಣ್ಣ ಹದಿನೈದು ದಿನ ಮರವಿಲ್ಲದ ಆ ದಾರಿಯಲ್ಲೇ ಇಳಿದಿಳಿದು ಕಲಿತಿದ್ದ. ಮಂಜು ಕವಿದ ಆ ಬೆಳಿಗ್ಗೆ ಕಣ್ಣಿಗೆ ಏನೂ ಕಾಣದಾದಾಗ, ಕಲಿತದ್ದನ್ನೇ ನಂಬಿ ಇಳಿದಿದ್ದ.

ಅತ್ತಿಗೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕೈಯಲ್ಲಿದ್ದ ಕಾಗದವನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದಳು.

"ಈಗ ಹಾಕು" ಎಂದಳು.

ಒಂದೊಂದು ನೆರಳಿನ ಬುಡಕ್ಕೆ ಒಂದೊಂದರಂತೆ ಹದಿನೇಳು ಮರ ನೆಟ್ಟ. ನೆರಳು ಅಳೆದು ಎತ್ತರ ಕೊಟ್ಟ. ಕೈ ತಪ್ಪಿ ಒಂದು ಮರ ರನ್‌ವೇ ಮಧ್ಯೆ ಹೋಗಿ ನಿಂತಿತು, ಅದನ್ನು ಅಳಿಸಿ ಮತ್ತೆ ನೆಟ್ಟ.

"ಅವರು ಇಳಿಸ್ತಿದ್ದ ಹಾಗೇ ಇಳಿಸು."

ವಿಮಾನ ತಗ್ಗಾಗಿ ಬಂತು. ಮರಗಳು ದೊಡ್ಡವಾಗುತ್ತ ಎದುರಿಗೇ ಬಂದವು. ಅತ್ತಿಗೆ ಅವನ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು. ತೆರೆಯ ತುಂಬ ಒಂದು ಕ್ಷಣ ಎಲೆಗಳು. ಆಚೆ ಅದೇ ರನ್‌ವೇ, ಅದೇ ಬಿರುಕು. ಚಕ್ರಗಳು ನೆಲ ಮುಟ್ಟಿ, ವಿಮಾನ ನಿಧಾನವಾಗಿ ಓಡಿ ಶೆಡ್ಡಿನ ಮುಂದೆ ನಿಂತಿತು.

"ತಾಗಲೇ ಇಲ್ವಲ್ಲ?"

"ನಾವು ಹಾಕೋ ಮರಕ್ಕೆ ಮೈ ಇರಲ್ಲ ಅತ್ತಿಗೆ. ಬರೀ ಚಿತ್ರ. ವಿಮಾನ ಅದರೊಳಗಿಂದಲೇ ಹಾದುಹೋಗುತ್ತೆ."

ಸುರಕ್ಷಿತವಾಗಿ ನಿಂತಿದ್ದ ವಿಮಾನವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕುರ್ಚಿಯನ್ನು ತೆರೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಇನ್ನೊಂದ್ಸಲ ಇಳಿಸು."